ಐವತ್ತಮೂರನೇ ಬಾಗಿಲಲ್ಲಿ ಕೂತವರು

"ಆ ಫೋನನ್ನ ಒಳಗೆ ತನ್ನಿ."

"ಆಗಲ್ಲಮ್ಮ."

"ಯಾಕಾಗಲ್ಲ?"

"ಈ ಹೊಸಿಲು ದಾಟಿ ಇದುವರೆಗೆ ಒಂದು ಫೋನೂ ಒಳಗೆ ಬಂದಿಲ್ಲ. ಸಂಘದ ನಿಯಮ. ಕೂಗಿ ಕೂಗಿ ನಿಯಮ ಮಾಡಿದವನೇ ಮುರಿದ್ರೆ ನಾಳೆ ನನ್ನ ಮಾತಿಗೆ ಯಾರು ಕಿವಿ ಕೊಡ್ತಾರೆ?"

"ನಾಳೆ ಮಾತು ನಾಳೆಗೆ. ಇವತ್ತು ಸಂಜೆ ಸಭೇಲಿ ಈ ಹುಡುಗಿ ಹಣೆ ಮೇಲೆ ದ್ರೋಹಿ ಅಂತ ಬರೆದು ಹೊರಗೆ ಹಾಕ್ತೀರಲ್ಲ, ಅದಕ್ಕೆ ಮುಂಚೆ ಒಂದೇ ಒಂದು ಸಲ ತನ್ನಿ ಅಣ್ಣ."

ಸಂಘದ ಕಾರ್ಯದರ್ಶಿ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯವರೆಲ್ಲ ಅವನನ್ನು ಕರೆಯುವುದು ಸೈರನ್ ಎಂದು. ಕಾರ್ಖಾನೆಯ ಸೈರನ್ ಕೆಟ್ಟ ದಿನ ಇವನು ಗೇಟಿನಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಶಿಫ್ಟು ಬದಲಾಗುತ್ತದೆ ಎನ್ನುವುದು ಹಳೆಯ ತಮಾಷೆ. ಈಗ ಆ ಗಂಟಲಲ್ಲಿ ಸದ್ದಿಲ್ಲ. ತನ್ನ ಫೋನು ಹಿಡಿದುಕೊಂಡು ಹೊಸಿಲನ್ನೇ ನೋಡುತ್ತಿದ್ದ.

ಒಳಗಿನಿಂದ ಫೋನು ಕೇಳಿದ ಅತ್ತಿಗೆ ಕಾದಳು. ಕಾಯುವುದು ಅವಳಿಗೆ ಕಸುಬು ಕಲಿಸಿದ ವಿದ್ಯೆ. ಸುಟ್ಟುಹೋದ ಗೋದಾಮುಗಳಿಗೆ ಹೋಗಿ, ಬೂದಿ ಕೆದಕಿ, ಬೆಂಕಿ ಎಲ್ಲಿ ಹುಟ್ಟಿತು ಎಂದು ಹೇಳುವವಳು ಅವಳು. ಬಿಸಿ ಬೂದಿಗೆ ಕೈ ಹಾಕಿದವರಿಗೆ ಬೊಬ್ಬೆ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಹೆಗಲಿನ ಚೀಲದ ಹಿಡಿಯನ್ನು ಹೆಬ್ಬೆರಳಿನಿಂದ ತಿಕ್ಕುತ್ತಾ ನಿಂತಳು. ಕಿತ್ತುಹೋಗಿದ್ದ ಆ ಹಿಡಿಯನ್ನು ಗಂಡ ನೀಲಿ ಮೇಣದ ನೂಲಿನಿಂದ ಬಿಗಿದುಕೊಟ್ಟಿದ್ದ. ಯೋಚನೆ ಹತ್ತಿದಾಗಲೆಲ್ಲ ಆ ಗಂಟನ್ನು ತಿಕ್ಕುವುದು ಅವಳ ರೂಢಿ.

ಈ ಸಲ ಬೆಂಕಿ ಬಿದ್ದದ್ದು ಗೋದಾಮಿಗಲ್ಲ, ಮನೆಗೆ. ಕಂಪ್ಯೂಟರಿನ ಮುಂದೆ ಮುದುರಿ ಕೂತವಳು ಅವಳ ಸ್ವಂತ ನಾದಿನಿ. ಬಣ್ಣದ ಕೋಣೆಯ ವಿಷದ ಹೊಗೆಯ ಬಗ್ಗೆ ಸಂಘದ ಪುಟದಲ್ಲಿ ಹೆಸರು ಹಾಕದೆ ದೂರು ಬರೆದ ಏಳು ಹೆಂಗಸರನ್ನು ಕಾರ್ಖಾನೆಯವರು ಹೆಸರು ಹಿಡಿದು ಕರೆದು ಗೇಟಿನಾಚೆ ದಬ್ಬಿದ್ದರು. ಆ ಪುಟವನ್ನು ಕಟ್ಟಿದವಳು, ಕಾಯುತ್ತಿದ್ದವಳು ನಾದಿನಿ ಒಬ್ಬಳೇ.

ಉಸಿರಾಡಲು ಗಾಳಿ ಕೇಳಿದ್ದೇ ಅಪರಾಧವಾದ ಜಾಗ ಅದು. ಬಾಯಿಬಿಟ್ಟು ಕೇಳಿ ಮೊದಲು ಕೆಲಸ ಕಳೆದುಕೊಂಡವನು ಅತ್ತಿಗೆಯ ಗಂಡ, ಅಲ್ಲಿಯ ಎಲೆಕ್ಟ್ರಿಷಿಯನ್. ಅದಾದ ಮೇಲೆ ಯಾರೂ ಬಾಯಿಬಿಡಲಿಲ್ಲ. ಬಾಯಿಗೆ ಬೀಗ ಬಿದ್ದವರಿಗೆ ಬೆರಳಾದರೂ ಇರಲಿ ಎಂದು ನಾದಿನಿ ಈ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಸಂಘದ್ದೇ ವೈಫೈ ಮಾಡಿ, 'ದೂರು' ಎಂಬ ಪುಟ ಇಟ್ಟಿದ್ದಳು. ಸಂಘದ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಬರೆಯಬೇಕು. ಫೋನನ್ನು ಬಾಗಿಲಾಚೆಯ ತಗಡಿನ ಪೆಟ್ಟಿಗೆಗೆ ಹಾಕಬೇಕು. ಆಮೇಲೆ ಒಳಗೆ ಬರಬೇಕು. ಒಳಗಿನ ಮಾತನ್ನು ಫೋನುಗಳು ಕದ್ದು ಕೇಳಿಸಿಕೊಳ್ಳುತ್ತವೆ ಎಂಬ ಭಯಕ್ಕೆ ಹುಟ್ಟಿದ ನಿಯಮ ಅದು.

ಸೈರನ್ ಕಣ್ಣು ಮುಚ್ಚಿ, ತಣ್ಣೀರಿಗೆ ಇಳಿಯುವವನ ಹಾಗೆ, ಒಂದು ಕಾಲು ಒಳಗಿಟ್ಟ.

"ತಗೊಳ್ಳಿ. ನಮ್ಮ ಸಂಘದಲ್ಲಿ ಇದೂ ಆಗಿಹೋಗ್ಲಿ."

"ಪುಟ ತೆಗೀರಿ. ನೀನೂ ತೆಗಿಯೇ, ಕಂಪ್ಯೂಟರಲ್ಲಿ. ಎರಡನ್ನೂ ಪಕ್ಕಪಕ್ಕ ಇಡೋಣ."

ಪರದೆಯ ಮೇಲೆ ಎತ್ತಿದ ಕೈಯ ಚಿತ್ರ. ಕೆಳಗೆ 'ನಿಮ್ಮ ದೂರು ಬರೆಯಿರಿ' ಎಂಬ ಖಾಲಿ ಜಾಗ. ಅದರ ಕೆಳಗೆ 'ಕಳಿಸಿ' ಎಂಬ ಗುಂಡಿ. ಅಷ್ಟೆ.

ಫೋನಿನಲ್ಲೂ ಅದೇ ಕೈ, ಅದೇ ಬಣ್ಣ, ಅದೇ ಅಕ್ಷರ. ಆದರೆ ಖಾಲಿ ಜಾಗಕ್ಕೂ ಗುಂಡಿಗೂ ನಡುವೆ ಮೂರು ಪುಟ್ಟ ಪ್ರಶ್ನೆಗಳು. ಯಾವ ವಿಭಾಗ? ಯಾವ ಶಿಫ್ಟು? ಯಾವ ತೊಟ್ಟಿ?

ನಾದಿನಿ ಫೋನನ್ನು ಕಿತ್ತುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು. ಮೂರೂ ಪ್ರಶ್ನೆಗಳನ್ನು ಬೆರಳಿಟ್ಟು ಓದಿದಳು.

"ಇದು ನಂದಲ್ಲ."

"ನಿಂದಲ್ಲದೆ ನಮ್ಮಪ್ಪಂದಾ?" ಸೈರನ್‌ಗೆ ಗಂಟಲು ವಾಪಸ್ ಬಂತು. "ಮೂರು ತಿಂಗಳಿಂದ ಕೇಳ್ತಾ ಇದೆ ಇದು! ಎಲ್ಲಾ ಹೆಣ್ಮಕ್ಕಳೂ ತುಂಬಿದ್ದಾರೆ. ನೀನು ಕೇಳಿದ್ದೀಯ ಅಂತಾನೇ ತುಂಬಿದ್ದಾರೆ!"

"ನಂಗೆ ಒಬ್ಬರೂ ಹೇಳ್ಲಿಲ್ಲ!"

"ಕೇಳಿದವಳ ಹತ್ರಾನೇ ಹೋಗಿ, 'ನೋಡಮ್ಮ, ನೀನು ಹಿಂಗೆ ಕೇಳಿದ್ದೀಯ' ಅಂತ ಯಾರು ಹೇಳ್ತಾರೆ?"

ಅತ್ತಿಗೆ ಆ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲೇ ಜೋಡಿಸಿ ನೋಡಿದಳು. ಒಂದು ಶಿಫ್ಟಿನಲ್ಲಿ ಒಂದು ಬಣ್ಣದ ತೊಟ್ಟಿಗೆ ನಿಲ್ಲುವವಳು ಒಬ್ಬಳೇ. ತೊಟ್ಟಿ ಹೇಳಿದರೆ ಆಯಿತು, ಹೆಸರನ್ನು ಬೇರೆ ಹೇಳಬೇಕೆ? ಆ ಹೆಂಗಸರು ತಾವೇ ಕುತ್ತಿಗೆಗೆ ಹಗ್ಗ ಹಾಕಿಕೊಂಡು ತುದಿಯನ್ನು ಕಾರ್ಖಾನೆಯವರ ಕೈಗೆ ಕೊಟ್ಟಂತಾಗಿತ್ತು. ಪುಟ ಕಾಯುವವಳಿಗೆ ಅದು ಕಾಣಲೇ ಇಲ್ಲ, ಏಕೆಂದರೆ ಅವಳು ನೋಡುತ್ತಿದ್ದುದು ಕಂಪ್ಯೂಟರಿನಲ್ಲಿ. ದೂರು ಬರೆದವರಿಗೂ ಅನುಮಾನ ಬರಲಿಲ್ಲ, ಏಕೆಂದರೆ ಅವರು ನೋಡುತ್ತಿದ್ದುದು ಫೋನಿನಲ್ಲಿ. ಎರಡೂ ಒಂದು ಕೋಣೆಯಲ್ಲಿ ಸೇರದಂತೆ ಕಾವಲು ಕಾಯುತ್ತಿದ್ದುದು ಸಂಘದ ನಿಯಮ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಒಂದೇ ಹೆಸರು ಹೊಡೆದ್ರೆ ಎರಡು ಪುಟ ಹೇಗೆ ಬರುತ್ತೆ?" ಎಂದು ಕೇಳಿದಳು. "ನಂಗೆ ಅರ್ಥ ಆಗೋ ಹಾಗೆ ಹೇಳು. ಬೆಂಕಿ ಭಾಷೇಲಿ ಹೇಳಿದ್ರೂ ಸರಿ."

ನಾದಿನಿ ಮೂಗು ಒರೆಸಿಕೊಂಡಳು. ಕೆಲಸದ ಮಾತು ಬಂದರೆ ಅವಳ ಅಳು ತಾನಾಗಿ ಹಿಂದೆ ಸರಿಯುತ್ತದೆ. ಚಿಕ್ಕಂದಿನಿಂದ ಹಾಗೇ ಅಂತೆ.

"ಕಂಪ್ಯೂಟರಿಗೆ ಹೆಸರು ಗೊತ್ತಾಗಲ್ಲ ಅತ್ತಿಗೆ, ನಂಬರ್ ಮಾತ್ರ ಗೊತ್ತು. 'ದೂರು' ಅಂದ್ರೆ ಯಾವ ನಂಬರಿನ ಮನೆ ಅಂತ ಹೇಳೋಕೆ ಒಬ್ಬ ಬೇಕು. ಅವನಿಗೆ ಡಿಎನ್‌ಎಸ್ ಅಂತಾರೆ."

"ವಠಾರದ ಬಾಗಿಲಲ್ಲಿ ಕೂತಿರೋ ಕಾವಲುಗಾರ. 'ದರ್ಜಿ ಮನೆ ಯಾವುದಪ್ಪ' ಅಂದ್ರೆ 'ಎರಡನೇ ಮಹಡಿ, ಎಡಗಡೆ' ಅನ್ನೋನು."

"ಅವನೇ. ಇಲ್ಲಿ ಅಂಥವರು ಇಬ್ಬರು. ಒಬ್ಬ ಲಿನಕ್ಸ್ ಜೊತೆಗೇ ಬಂದವನು, ಸಿಸ್ಟಮ್‌ಡಿ-ರಿಸಾಲ್ವ್ಡ್. ಈ ಕಂಪ್ಯೂಟರ್ ತಾನು ಕೇಳಿದ್ದಕ್ಕೆ ಅವನು ಉತ್ತರ ಕೊಡ್ತಾನೆ. ಇನ್ನೊಬ್ಬ ನಾನು ಇಟ್ಟವನು, ಡಿಎನ್‌ಎಸ್‌ಮಾಸ್ಕ್. ಹೊರಗಿನ ಫೋನುಗಳು ಕೇಳಿದ್ದಕ್ಕೆ ಅವನು. ಆದ್ರೆ ಯಾವ ಕಂಪ್ಯೂಟರಲ್ಲಾದ್ರೂ ಹೆಸರು ಕೇಳೋ ಬಾಗಿಲು ಒಂದೇ. ಐವತ್ತಮೂರನೇ ನಂಬರ್."

"ಅಲ್ಲಿಗೆ ಒಂದೇ ಒಲೆ ಮುಂದೆ ಅತ್ತಿಗೆ ನಾದಿನಿ ಇಬ್ಬರೂ ಕೂತ ಹಾಗಾಯ್ತು."

ಇಷ್ಟರ ನಡುವೆಯೂ ನಾದಿನಿಯ ತುಟಿ ಒಂದು ಕ್ಷಣ ಓರೆಯಾಯಿತು. "ಜಗಳ ಆಗೇ ಆಗುತ್ತೆ. ಒಳಬಾಗಿಲು ನಿಂಗೆ, ಬೀದಿಬಾಗಿಲು ನಂಗೆ ಅಂತ ಹಂಚಿಕೊಟ್ರೆ ಇಬ್ಬರೂ ತೆಪ್ಪಗಿರ್ತಾರೆ. ಹಂಚದೆ ಬಿಟ್ರೆ ತಡವಾಗಿ ಎದ್ದವನು ಕುರ್ಚಿ ಖಾಲಿ ಇಲ್ಲ ಅಂತ ನೋಡಿ, 'ಈ ವಿಳಾಸ ಆಗಲೇ ಬಳಕೆಯಲ್ಲಿದೆ' ಅಂತ ಒಂದು ಸಾಲು ಬರೆದಿಟ್ಟು ಸತ್ತುಹೋಗ್ತಾನೆ. ಮೂರು ತಿಂಗಳ ಹಿಂದೆ ಹಾಗೇ ಆಗಿತ್ತು. ಲಿನಕ್ಸ್ ಅಪ್‌ಡೇಟ್ ಆದ ಮಾರನೇ ದಿನ ಯಾರ ಫೋನಲ್ಲೂ ಪುಟ ತೆರೀಲಿಲ್ಲ. ನಾನು ಶಿಫ್ಟಲ್ಲಿದ್ದೆ. ಸಂಜೆ ಬರೋಷ್ಟರಲ್ಲಿ ತಾನೇ ಸರಿಹೋಗಿತ್ತು."

"ಏನಂದೆ?"

"ತಾನೇ ಸರಿ..."

"ತಾನೇ ಹೊತ್ತಿಕೊಂಡ ಬೆಂಕಿ ನಾನು ಬೇಕಾದಷ್ಟು ನೋಡಿದ್ದೀನಿ," ಎಂದಳು ಅತ್ತಿಗೆ ನಿಧಾನವಾಗಿ. "ತಾನೇ ಆರಿದ ಬೆಂಕಿ ಒಂದನ್ನೂ ನೋಡಿಲ್ಲ. ಯಾರೋ ನೀರು ಹಾಕಿರ್ತಾರೆ, ಇಲ್ಲ ಸುಡೋಕೆ ಏನೂ ಉಳಿದಿರಲ್ಲ. ಅವತ್ತು ಈ ಕುರ್ಚಿಲಿ ಯಾರು ಕೂತಿದ್ರು?"

"ಯಾರೂ ಇಲ್ಲ. ಬೀಗ ಹಾಕಿತ್ತು."

ಉತ್ತರ ಪ್ರಶ್ನೆಯ ಬಾಲ ತುಳಿದುಕೊಂಡು ಬಂತು. ಅತ್ತಿಗೆ ಅದನ್ನು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡಳು.

"ಆ ಬಾಗಿಲಲ್ಲಿ ಈಗ ಯಾರ್ಯಾರು ಕೂತಿದ್ದಾರೆ ಅಂತ ಕಂಪ್ಯೂಟರನ್ನೇ ಕೇಳೋಕಾಗುತ್ತಾ?"

"ಆಗದೆ ಏನು?"

ಕಪ್ಪು ಕಿಟಕಿ ತೆರೆಯಿತು. ನಾದಿನಿ ಒಂದು ಸಾಲು ಹೊಡೆದು, ಪಾಸ್‌ವರ್ಡ್ ಕೊಟ್ಟಳು. ಪಾಸ್‌ವರ್ಡ್ ಹೊಡೆಯುವಾಗ ಅವಳ ಬೆರಳು ತಡವರಿಸಿದ್ದನ್ನೂ ಅತ್ತಿಗೆ ನೋಡಿದಳು. ಎರಡು ಸಾಲು ಉತ್ತರ ಬಂತು.

"ಇವನು ರಿಸಾಲ್ವ್ಡ್, ಒಳಬಾಗಿಲು. ಸರಿಯಾಗೇ ಇದ್ದಾನೆ. ಇವನು ಬೀದಿಬಾಗಿಲು..."

ನಾದಿನಿಯ ಕೈ ಬಾಯಿಗೆ ಹೋಯಿತು.

"ಯಾಕೆ? ನೀನಿಟ್ಟವನೇ ತಾನೆ?"

"ಅಲ್ಲ. ನನ್ನವನು ಇಲ್ಲೇ ಇಲ್ಲ."

ಅವಳ ಬೆರಳುಗಳು ಓಡಿದವು. ಡಿಎನ್‌ಎಸ್‌ಮಾಸ್ಕ್ ಹೇಗಿದ್ದಾನೆ ಎಂದು ಕೇಳಿದಳು. ಸತ್ತಿದ್ದಾನೆ ಎಂದಿತು ಕಂಪ್ಯೂಟರು, ಕೆಂಪು ಅಕ್ಷರದಲ್ಲಿ. ಇವತ್ತು ಬೆಳಿಗ್ಗೆ ಸತ್ತಿದ್ದ. ನಿನ್ನೆ ಬೆಳಿಗ್ಗೆಯೂ ಸತ್ತಿದ್ದ. ಕಂಪ್ಯೂಟರ್ ಹಚ್ಚಿದ ಪ್ರತಿದಿನವೂ ಎದ್ದು, ತನ್ನ ಕುರ್ಚಿಯಲ್ಲಿ ಯಾರೋ ಕೂತದ್ದನ್ನು ನೋಡಿ, ಅದೇ ಒಂದು ಸಾಲು ಬರೆದಿಟ್ಟು ಸತ್ತಿದ್ದ. ಯಾರಿಗೂ ಕೇಳಿಸದ ಹಾಗೆ ಸಾಯುವುದು ಆ ಕಾರ್ಖಾನೆಯ ಹೆಂಗಸರಿಗೆ ಮಾತ್ರ ಗೊತ್ತಿದೆ ಎಂದುಕೊಂಡಿದ್ದಳು ಅತ್ತಿಗೆ.

"ಮತ್ತೆ ಕುರ್ಚೀಲಿ ಇರೋನು ಯಾರು? ಹೆಸರೇನು?"

"ಪ್ರಿಂಟ್-ಹೆಲ್ಪರ್."

"ಪ್ರಿಂಟರ್‌ಗೆ ಸಹಾಯ ಮಾಡೋನು ಇರ್ಬೇಕು," ಎಂದ ಸೈರನ್. "ಅದಕ್ಯಾಕೆ ಹೆದರ್ತೀಯ?"

ಅತ್ತಿಗೆ ಕೋಣೆಯ ಸುತ್ತ ಕಣ್ಣಾಡಿಸಿದಳು. ಒಂದು ಮೇಜು, ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು, ವೈಫೈ ಡಬ್ಬಿ, ಮೂಲೆಯಲ್ಲಿ ಬಿದಿರಿನ ಕೋಲಿಗೆ ಅಂಟಿಸಿದ ರಟ್ಟಿನ ಫಲಕಗಳು. 'ನಮಗೂ ಎರಡು ಶ್ವಾಸಕೋಶಗಳಿವೆ' ಎಂದು ಬ್ರಷ್ಷಿನಲ್ಲಿ ಬರೆದದ್ದು. ಬಣ್ಣ ಅಲ್ಲಲ್ಲಿ ಸೋರಿತ್ತು.

"ಅಣ್ಣ, ಫಲಕಗಳನ್ನ ಯಾಕೆ ಕೈಯಲ್ಲಿ ಬರೀತೀರಿ?"

"ಮತ್ತೇನು ಮಾಡೋದು? ಸಂಘಕ್ಕೆ ಪ್ರಿಂಟರ್ ಎಲ್ಲಿದೆ..."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

ಇಲ್ಲದ ಪ್ರಿಂಟರಿಗೆ ಸಹಾಯಕನೊಬ್ಬ ಮೂರು ತಿಂಗಳಿಂದ ಇವರ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ದಾರಿ ತೋರಿಸುತ್ತಿದ್ದ.

"ಯಾವ ದಾರಿ ತೋರಿಸ್ತಾನೆ, ಕೇಳು," ಎಂದಳು ಅತ್ತಿಗೆ.

ನಾದಿನಿ ಎರಡು ಸಲ ಕೇಳಿದಳು. ಮೊದಲು ಒಳಬಾಗಿಲಲ್ಲಿ: 'ದೂರು' ಎಲ್ಲಿದೆ? ಇದೇ ಕಂಪ್ಯೂಟರಿನ ನಂಬರು ವಿಳಾಸ ಬಂತು, ಕೊನೆಯ ಸಂಖ್ಯೆ ಹತ್ತು. ಆಮೇಲೆ ಬೀದಿಬಾಗಿಲಲ್ಲಿ, ಫೋನುಗಳು ಕೇಳುವ ಹಾಗೆ. ಉದ್ದಕ್ಕೂ ಅದೇ ವಿಳಾಸ. ಕೊನೆಗೆ ಮಾತ್ರ ನಲವತ್ತು.

"ನಲವತ್ತು ಯಾರದು?"

"ಗೊತ್ತಿಲ್ಲ. ಇದುವರೆಗೆ ನೋಡೇ ಇಲ್ಲ. ಎಲ್ಲಾ ದೂರೂ ಮೊದಲು ಅಲ್ಲಿಗೆ ಹೋಗಿ, ಆ ಮೂರು ಉತ್ತರ ಅಲ್ಲೇ ಉಳಿದು, ಬರೀ ದೂರು ನನ್ನ ಪುಟಕ್ಕೆ ಬಂದಿದೆ. ಅದಕ್ಕೇ ನಂಗೆ ಏನೂ ಗೊತ್ತಾಗ್ಲಿಲ್ಲ." ಅವಳು ಕೀಲಿಮಣೆಗೆ ಕೈ ಚಾಚಿದಳು. "ಇವನನ್ನ ಈಗ್ಲೇ ಹೊರಗೆ ಹಾಕ್ತೀನಿ. ನಿಲ್ಲಿಸಿ, ಮತ್ತೆ ಏಳದ ಹಾಗೆ ಮುಚ್ಚಿ, ನಮ್ಮ ಇಬ್ಬರು ಕಾವಲುಗಾರರಿಗೂ ಬಾಗಿಲು ಹಂಚಿಕೊಟ್ರೆ ಮುಗೀತು."

ಅತ್ತಿಗೆ ಅವಳ ಮಣಿಕಟ್ಟು ಹಿಡಿದಳು.

"ಮುಟ್ಟಬೇಡ. ಕಳ್ಳ ಮನೆಯೊಳಗಿರುವಾಗ ದೀಪ ಹಚ್ಚಬಾರದು. ಅವನು ಸತ್ತ ಅಂದ್ರೆ ಇಟ್ಟವನಿಗೆ ತಕ್ಷಣ ಸುದ್ದಿ ಮುಟ್ಟಬಹುದು. ಸಂಜೆ ಸಭೆಗೆ ಅವನೂ ಬರ್ಲಿ. ಏನೂ ಗೊತ್ತಿಲ್ಲದವನ ಹಾಗೆ ಬಂದು ಕೂತ್ಕೊಳ್ಳಿ."

"ಅವನೂ ಅಂದ್ರೆ?" ಸೈರನ್ ಹುಬ್ಬು ಗಂಟಿಕ್ಕಿದ. "ನಮ್ಮವರಲ್ಲೇ ಒಬ್ಬ ಅಂತೀರಾ?"

"ಈ ಕೋಣೆಗೆ ಬೀಗದ ಕೈ ಎಷ್ಟು?"

"ಎರಡು. ಒಂದು ಇವಳದು. ಒಂದು ನಂದು."

"ಫೋನು ಒಳಗೆ ಬರಬಾರದು ಅಂತ ನಿಯಮ ಮಾಡಿದ್ದು?"

"ನಾನು. ಆದ್ರೆ..."

"ಇವಳನ್ನ ಇವತ್ತೇ ಹೊರಗೆ ಹಾಕಬೇಕು, ಸಭೆ ಇವತ್ತೇ ಆಗಬೇಕು ಅಂತ ಹಟ ಹಿಡಿದಿದ್ದು?"

"ಏನಮ್ಮಾ ನೀನು ಹೇಳ್ತಿರೋದು?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ ಅಣ್ಣ. ಕೇಳಿದ್ದಕ್ಕೆ ಉತ್ತರ ಕೊಡಿ. ಎರಡು ಬೀಗದ ಕೈಯಲ್ಲಿ ಒಂದು ನಿಮ್ಮದು. ಎರಡು ಪುಟ ಒಟ್ಟಿಗೆ ಕಾಣದ ಹಾಗೆ ಮಾಡಿದ ನಿಯಮ ನಿಮ್ಮದು. ಬೂದಿಯಲ್ಲಿ ಹುಡುಕಿದ್ರೆ ಸಿಗೋದೆಲ್ಲ ನಿಮ್ಮದೇ ಆದ್ರೆ, ಬೆಂಕಿ ಯಾರದು ಅನ್ನಬೇಕು ನಾನು?"

ಅವನು ಕೂಗುತ್ತಾನೆ ಎಂದುಕೊಂಡಿದ್ದಳು. ಕಿಟಕಿ ಅದುರುವ ಹಾಗೆ ಕೂಗಬೇಕಿತ್ತು ಅವನು. ಅವನು ಕೂಗಲಿಲ್ಲ. ಮೇಜಿನ ಮೇಲಿದ್ದ ತನ್ನ ಫೋನನ್ನು ಒಂದು ಬೆರಳಿನಿಂದ ಅವಳತ್ತ ತಳ್ಳಿದ.

"ಆ ಏಳು ಜನರಲ್ಲಿ ಒಬ್ಬಳು ನನ್ನ ಮಗಳು. ಗೊತ್ತು ತಾನೆ?"

"ಗೊತ್ತು."

"ಅವಳ ದೂರನ್ನ ಬರೆದವನು ನಾನು. ಈ ಫೋನಲ್ಲಿ. ಅವಳು ಬೇಡ ಅಪ್ಪ ಅಂದ್ಲು. ಮೈಯೆಲ್ಲ ಬೊಬ್ಬೆ ಎದ್ದು ಮಲಗಿರೋಳು, ಬೇಡ ಅಂದ್ಲು. ಹೆಸರಿಲ್ಲ ಕಂದ, ಭಯ ಯಾಕೆ, ನಮ್ಮ ಸಂಘದ್ದೇ ಪುಟ ಅಂತ ನಾನೇ ಬರೆದೆ. ಯಾವ ತೊಟ್ಟಿ ಅಂತ ಕೇಳ್ತು. ಈ ಬೆರಳಲ್ಲೇ ಒತ್ತಿದೆ. ಹದಿನಾಲ್ಕು."

ಅವನು ಆ ಬೆರಳನ್ನು ಎತ್ತಿ, ಯಾರದೋ ಬೆರಳನ್ನು ನೋಡುವವನ ಹಾಗೆ ನೋಡಿದ.

"ಇವಳ ಮೇಲೆ ಯಾಕೆ ಉರೀತಿದ್ದೆ ಅಂದ್ರೆ, ಇವಳು ಕಳ್ಳಿ ಆಗದಿದ್ರೆ ನಾನು ಏನಾಗ್ತೀನಿ ಅನ್ನೋ ಭಯಕ್ಕೆ. ಸ್ವಂತ ಮಗಳನ್ನ ಕಾರ್ಖಾನೆಯವರ ಕೈಗೆ ಹಿಡಿದುಕೊಟ್ಟವನು ಆಗ್ತೀನಲ್ಲ. ಆದೆ, ನೋಡು."

ಮೇಜಿನ ಅಂಚು ಹಿಡಿದು ಕೂತುಬಿಟ್ಟ. ನಾದಿನಿ ಎದ್ದು ಹೋಗಿ ಅವನ ಪಕ್ಕ ನಿಂತಳು. ಸಂಜೆ ತನ್ನನ್ನು ಬೀದಿಗೆ ಹಾಕಲಿದ್ದ ಮನುಷ್ಯನ ಹೆಗಲ ಮೇಲೆ ಕೈ ಇಡಲೋ ಬೇಡವೋ ಎಂದು ಒಂದು ಕ್ಷಣ ಅಳೆದು, ಇಟ್ಟಳು.

"ನೀವಲ್ಲ ಅಣ್ಣ. ನಲವತ್ತು."

ಅತ್ತಿಗೆಗೆ ನಾಚಿಕೆಯಾಯಿತು. ಬಿಸಿ ಬೂದಿಗೆ ಕೈ ಹಾಕಿದ್ದಳು. ಬೊಬ್ಬೆ ಎದ್ದದ್ದು ಮಾತ್ರ ಬೇರೆಯವರ ಕೈಗೆ.

"ಈ ನಲವತ್ತು ಎಲ್ಲಿರಬಹುದು?" ಎಂದು ಕೇಳಿದಳು. "ಕಾರ್ಖಾನೆ ಆಫೀಸಲ್ಲಾ?"

ನಾದಿನಿ ತಲೆಯಾಡಿಸಿದಳು. ಪರದೆಯ ಮೇಲಿನ ವಿಳಾಸವನ್ನು ಮತ್ತೊಮ್ಮೆ ಓದಿದಳು.

"ಇಲ್ಲ ಅತ್ತಿಗೆ. ವಿಳಾಸದ ಮುಂದಿನ ಭಾಗ ಎಲ್ಲಾ ನಮ್ಮದೇ. ಅದು ನಮ್ಮ ವೈಫೈಯಲ್ಲೇ ಇದೆ. ನಮ್ಮ ವೈಫೈ ಮೆಟ್ಟಿಲು ದಾಟಿ ಆಚೆ ಹೋಗಲ್ಲ."

ಹಾಗಾದರೆ ಇಲ್ಲೇ. ಈ ಗೋಡೆಗಳ ನಡುವೆ. ಇವರು ಮುಷ್ಟಿ ಎತ್ತಿ ಘೋಷಣೆ ಕೂಗುತ್ತಿದ್ದಾಗೆಲ್ಲ ಅದು ಇಲ್ಲೇ ಎಲ್ಲೋ ಕೂತು ಉಸಿರಾಡುತ್ತಿತ್ತು.

"ಅದಕ್ಕೆ ಕರೆಂಟ್ ಬೇಕಲ್ಲ?" ಎಂದಳು ಅತ್ತಿಗೆ. ಇದು ಅವಳ ಭಾಷೆ. "ಕರೆಂಟ್ ಇಲ್ಲದೆ ಬೆಂಕಿಯೂ ಹುಟ್ಟಲ್ಲ, ಇದೂ ಬದುಕಲ್ಲ. ಅದು ಬದುಕಿದೆಯಾ ಅಂತ ಕೇಳ್ತಾನೇ ಇರೋ ಹಾಗೆ ಮಾಡು."

ನಾದಿನಿ ಮಾಡಿದಳು. ಕಪ್ಪು ಕಿಟಕಿಯಲ್ಲಿ ಒಂದರ ಕೆಳಗೊಂದು ಸಾಲು ಬೀಳತೊಡಗಿತು. ಇದ್ದೀಯಾ? ಇದ್ದೀನಿ. ಇದ್ದೀಯಾ? ಇದ್ದೀನಿ.

"ಅಣ್ಣ, ಸ್ವಿಚ್ ಬೋರ್ಡ್ ಹತ್ರ ಹೋಗಿ. ಕಂಪ್ಯೂಟರಿಂದೂ ವೈಫೈದೂ ಬಿಟ್ಟು ಒಂದೊಂದೇ ಆರಿಸಿ."

ಸೈರನ್ ಫ್ಯಾನ್ ಆರಿಸಿದ. ರೆಕ್ಕೆಗಳು ನಿಂತು, ಕೋಣೆಗೆ ಸೆಕೆ ಇಳಿಯಿತು. ಇದ್ದೀನಿ, ಎಂದಿತು ಕಿಟಕಿ. ದೀಪ ಆರಿಸಿದ. ಇಳಿಹೊತ್ತಿನ ಬೆಳಕಿನಲ್ಲಿ ಮೂವರ ಮುಖವೂ ಬೂದಿಯಾಗಿ ಕಂಡಿತು. ಇದ್ದೀನಿ. ಮೂಲೆಯ ಖಾಲಿ ಪ್ಲಗ್. ಇದ್ದೀನಿ.

"ಇನ್ನೊಂದೇ ಉಳಿದಿರೋದು. ಹೊರಗಡೆ ಪ್ಲಗ್ಗು."

"ಆರಿಸಿ."

ಟಕ್.

ಸಾಲುಗಳು ನಿಂತವು.

ಮೂವರೂ ಕಾದರು. ಕಿಟಕಿ ಮತ್ತೆ ಕೇಳಿತು, ಮತ್ತೆ ಕೇಳಿತು. ಆಮೇಲೆ ಬಂದದ್ದು ಬೇರೆ ಸಾಲು: ಆ ವಿಳಾಸದಲ್ಲಿ ಯಾರೂ ಇಲ್ಲ.

"ಹೊರಗಡೆ ಪ್ಲಗ್ಗಿಗೆ ಏನು ಸಿಕ್ಕಿಸಿದ್ದೀರಿ?" ಅತ್ತಿಗೆ ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದಳು.

"ಏನೂ ಇಲ್ಲ," ಎಂದ ಸೈರನ್. ಆಮೇಲೆ ಅವನ ದನಿ ಕುಸಿಯಿತು. "ಫೋನಿನ ಪೆಟ್ಟಿಗೆ ಬಿಟ್ರೆ."

ತಗಡಿನ ಟ್ರಂಕು ಬಾಗಿಲಾಚೆಯ ಗೋಡೆಗೆ ಒರಗಿಕೊಂಡು ಯಾವಾಗಲೂ ಇದ್ದ ಹಾಗೇ ಇತ್ತು. ಸಭೆ ಮುಗಿಯುವಷ್ಟರಲ್ಲಿ ಫೋನುಗಳು ಚಾರ್ಜ್ ಆಗಿರಲಿ ಎಂದು ಅದರೊಳಗೆ ಚಾರ್ಜಿಂಗ್ ಪಟ್ಟಿ ಕೂರಿಸಿದ್ದವನು ಅವಳ ಗಂಡ. ಕೆಲಸ ಹೋದ ಮೇಲೂ ಸಂಘಕ್ಕೆ ನನ್ನದೂ ಒಂದು ಅಳಿಲ ಸೇವೆ ಇರಲಿ ಎಂದು ಮಾಡಿಕೊಟ್ಟಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅತ್ತಿಗೆಯೂ ತಟ್ಟಿದ್ದಳು.

ಪಟ್ಟಿ ಗಂಡನದು, ಅಷ್ಟೆ. ಆಮೇಲೆ ಯಾರು ಬೇಕಾದರೂ ಏನು ಬೇಕಾದರೂ ತುರುಕಿರಬಹುದು. ಮೆಟ್ಟಿಲಲ್ಲಿರುವ ಪೆಟ್ಟಿಗೆಗೆ ನೂರು ಕೈ. ಹಾಗೆ ತನಗೆ ತಾನೇ ಹೇಳಿಕೊಳ್ಳುತ್ತಾ ಅವಳು ಮಂಡಿಯೂರಿ ಮುಚ್ಚಳ ಎತ್ತಿದಳು. ನಾದಿನಿ ಪಕ್ಕದಲ್ಲಿ ಕುಕ್ಕರಿಸಿದಳು. ಸೈರನ್ ಒಳಗೆ, ಸ್ವಿಚ್ಚಿನ ಬಳಿಯೇ ನಿಂತಿದ್ದ.

ಬಟ್ಟೆ ಹಾಸಿದ ಗೂಡುಗಳು. ಜೋತುಬಿದ್ದ ವೈರುಗಳು. ಗೂಡುಗಳ ಕೆಳಗೆ ಒಂದು ಪ್ಲೈವುಡ್ ಹಲಗೆ. ಹೊರಗಿನಿಂದ ನೋಡಿದರೆ ಪೆಟ್ಟಿಗೆಯ ಆಳ ಮೊಣಕೈವರೆಗೆ ಇತ್ತು. ಒಳಗೆ ಕೈ ಇಟ್ಟರೆ ಮಣಿಕಟ್ಟಿಗೆ ನಿಂತಿತು.

ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಹಲಗೆಯ ಅಂಚಿಗೆ ಕೊಟ್ಟು ಮೀಟಿದಳು. ಹಲಗೆ ಎದ್ದಿತು.

ಕೆಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಹಸಿರು ಹಲಗೆ. ಮೇಲೆ ಪುಟ್ಟ ಪುಟ್ಟ ಚಿಪ್‌ಗಳು, ಮುಷ್ಟಿಯೊಳಗೆ ಅಡಗುವಂಥ ಕಂಪ್ಯೂಟರು. ದೀಪ ಆರಿದ ಒಂದು ಕಣ್ಣು. ಇಷ್ಟೇ. ಏಳು ಮನೆಗಳ ಒಲೆ ಆರಿಸಿದ್ದು ಇಷ್ಟೇ ಇಷ್ಟು.

ಅದು ಅಲುಗಾಡದಂತೆ ತಳಕ್ಕೆ ಕಟ್ಟಿತ್ತು. ಪ್ಲಾಸ್ಟಿಕ್ ಪಟ್ಟಿಯಿಂದಲ್ಲ, ಸ್ಕ್ರೂವಿನಿಂದಲ್ಲ. ನೀಲಿ ಮೇಣದ ನೂಲಿನಿಂದ. ಎರಡು ಸುತ್ತು, ಒಂದು ಕುಣಿಕೆ, ತುದಿ ಒಳಗೆ ಮಡಚಿ ಬಚ್ಚಿಟ್ಟ ಗಂಟು.

ಅತ್ತಿಗೆಯ ಎಡಗೈ ಚೀಲದ ಹಿಡಿಯ ಮೇಲಿತ್ತು. ಹೆಬ್ಬೆರಳು ತನ್ನ ರೂಢಿಯಂತೆ ಅಲ್ಲಿಯ ಗಂಟನ್ನು ತಿಕ್ಕುತ್ತಿತ್ತು. ಎರಡು ಸುತ್ತು, ಒಂದು ಕುಣಿಕೆ, ಒಳಗೆ ಮಡಚಿದ ತುದಿ.

ಹೆಬ್ಬೆರಳು ನಿಂತಿತು.

"ಅಮ್ಮನ ಗಂಟು," ಎಂದಳು ನಾದಿನಿ. ಮಾತಲ್ಲ, ಬರೀ ಉಸಿರು.

ಅತ್ತಿಗೆಗೆ ಯಾರೂ ಹೇಳಬೇಕಾಗಿರಲಿಲ್ಲ. ಅದೇ ಕಾರ್ಖಾನೆಯಲ್ಲಿ ನೂಲಿನ ಲಡಿ ಕಟ್ಟುತ್ತಾ, ಅದೇ ಹೊಗೆ ಕುಡಿಯುತ್ತಾ ಸತ್ತ ಅತ್ತೆಯ ಗಂಟು ಅದು. ಕುದಿಯುವ ತೊಟ್ಟಿಯಲ್ಲೂ ಬಿಚ್ಚಿಕೊಳ್ಳದ್ದು, ತುದಿ ಗೊತ್ತಿದ್ದವರು ಒಮ್ಮೆ ಎಳೆದರೆ ಬಿಚ್ಚುವಂಥದ್ದು. ತನ್ನದೇ ಕೈಚಳಕ, ಇನ್ನೊಬ್ಬರಿಗೆ ಹೇಳಿಕೊಡಲ್ಲ ಎಂದು ಹೆಮ್ಮೆಪಡುತ್ತಿದ್ದಳು ಮುದುಕಿ. ಹೇಳಿಕೊಟ್ಟದ್ದು ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾತ್ರ. ಮನೆಗೆ ಬಂದ ಸೊಸೆಗೂ ಇಲ್ಲ.

"ಈ ಗಂಟು ಗೊತ್ತಿರೋದು ಎಷ್ಟು ಜನಕ್ಕೆ?"

"ಇಬ್ಬರಿಗೆ."

"ಬಾಯಿಬಿಟ್ಟು ಹೇಳು."

"ಅಣ್ಣನಿಗೆ. ನನಗೆ."

ಅತ್ತಿಗೆ ನಾದಿನಿಯ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಮದುವೆಯಾಗಿ ಬಂದ ದಿನದಿಂದ ನೋಡಿದ ಮುಖ. ಒಂದೇ ಒಲೆಯ ಮುಂದೆ ಜಗಳವಾಡಿ, ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹೆಣವನ್ನು ತಬ್ಬಿಕೊಂಡು ಅತ್ತ ಮುಖ.

"ಅವತ್ತು ಬೀಗ ಹಾಕಿತ್ತು ಅಂದೆಯಲ್ಲ?"

ನಾದಿನಿ ಗಂಟಿನ ಕಡೆಗೇ ನೋಡುತ್ತಾ ಹೇಳಿದಳು. "ಬೆಳಿಗ್ಗೆ ಗೇಟಲ್ಲಿ ಅಣ್ಣ ಸಿಕ್ಕಿದ್ದ. ಬೀಗದ ಕೈ ಅವನ ಕೈಗೆ ಕೊಟ್ಟೆ. ಪಾಸ್‌ವರ್ಡ್ ಕಿವೀಲಿ ಹೇಳಿದೆ. ಒಂದು ಸಲ ಆರಿಸಿ ಹಚ್ಚು, ಸರಿಹೋಗಬಹುದು ಅಂದೆ. ಅವನು ನನ್ನ ಅಣ್ಣ ಅಲ್ವಾ ಅತ್ತಿಗೆ, ಬೇರೆ ಯಾರೋ ಅಲ್ಲ. ಅದಕ್ಕೇ ಯಾರೂ ಇಲ್ಲ ಅಂದೆ. ಅವನನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ."

'ನೋಡ್ತಿರು, ಕಂಪನಿಯವರೇ ನನ್ನನ್ನ ಮತ್ತೆ ಕರೀತಾರೆ.' ಈಚೆಗೆ ಗಂಡ ಹಾಗೆ ಹೇಳುತ್ತಾ ಹಾಸಿಗೆಯಲ್ಲಿ ಮಗ್ಗುಲಾಗುತ್ತಿದ್ದ. ಕೆಲಸ ಕಳೆದುಕೊಂಡವನ ಹಗಲುಗನಸು ಎಂದು ಅವಳು ಹೊದಿಕೆ ಸರಿಮಾಡುತ್ತಿದ್ದಳು. ಮಾಲೀಕರು ಮನುಷ್ಯನ ಕೆಲಸ ಕಿತ್ತುಕೊಳ್ಳುತ್ತಾರೆ ಎನ್ನುವುದು ಅವಳಿಗೆ ಗೊತ್ತಿತ್ತು. ಕಿತ್ತುಕೊಂಡದ್ದನ್ನೇ ತೋರಿಸಿ ಮನುಷ್ಯನನ್ನೂ ಕೊಳ್ಳುತ್ತಾರೆ, ಕೂರಿಸಬೇಕಾದ ಹಲಗೆಯನ್ನೂ ಅವರೇ ಕೊಡುತ್ತಾರೆ ಎನ್ನುವುದು ಗೊತ್ತಿರಲಿಲ್ಲ.

ಕೆಳಗಡೆ ಬೀದಿಯಲ್ಲಿ ಮಾತು, ಚಪ್ಪಲಿ ಸದ್ದು. ಶಿಫ್ಟು ಬಿಟ್ಟಿತ್ತು. ಸಭೆಗೆ ಜನ ಬರತೊಡಗಿದ್ದರು.

"ಏನಮ್ಮಾ, ಸಿಕ್ತಾ?" ಒಳಗಿನಿಂದ ಸೈರನ್ ಕೂಗಿದ.

ನಾದಿನಿ ಅತ್ತಿಗೆಯ ತೋಳು ಹಿಡಿದಳು. ಉಗುರು ಚರ್ಮಕ್ಕೆ ಇಳಿಯುವಷ್ಟು ಬಿಗಿಯಾಗಿ.

"ನಾನೇ ಮಾಡಿದ್ದು ಅಂತ ಹೇಳ್ಬಿಡ್ತೀನಿ."

"ಬಾಯಿ ಮುಚ್ಚು."

"ಹೇಗೂ ನಾನೇ ಅಂತ ನಂಬಿದ್ದಾರೆ. ಗಂಟೂ ನನ್ನದೇ ಆಗುತ್ತೆ. ನಂಗೇನು, ಗಂಡನಾ, ಮಕ್ಕಳಾ? ಹೊರಗೆ ಹಾಕಿದ್ರೆ ಇನ್ನೊಂದು ಊರು. ನೀವು ಎಲ್ಲಿಗೆ ಹೋಗ್ತೀರಿ ಅತ್ತಿಗೆ?"

"ಬಾಯಿ ಮುಚ್ಚು ಅಂದೆ."

ಈ ಪುಟ್ಟ ಹಸಿರು ಹಲಗೆಯನ್ನು ಗಂಟಿನ ಸಮೇತ ತೋರಿಸಿದರೆ ನಾದಿನಿ ಉಳಿಯುತ್ತಾಳೆ. ಗಂಟನ್ನು ಎಳೆದು, ನೂಲನ್ನು ಮುಷ್ಟಿಯಲ್ಲಿ ಮುಚ್ಚಿಟ್ಟರೆ ಗಂಡ ಉಳಿಯುತ್ತಾನೆ. ತುದಿ ಎಲ್ಲಿದೆ ಎಂದು ಅವಳ ಹೆಬ್ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಎಳೆತ. ಅತ್ತೆ ಹೇಳಿಕೊಡದಿದ್ದರೂ, ದಿನಾ ತಿಕ್ಕಿ ತಿಕ್ಕಿ ಕಲಿತಿದ್ದಳು.

ಸೈರನ್ ಹೊಸಿಲಿಗೆ ಬಂದು ನಿಂತ. ಒಂದು ಕೈ ಇನ್ನೂ ಗೋಡೆಯ ಸ್ವಿಚ್ಚಿನ ಮೇಲೇ ಇತ್ತು.

ಆಗ ಕೆಳಗಿನಿಂದ, ಮೆಟ್ಟಿಲು ತಿರುಗುವುದಕ್ಕೂ ಮೊದಲೇ, ಪೆಟ್ಟಿಗೆಯಾಗಲಿ ಬಾಗಿಲಾಗಲಿ ಕಾಣದ ಜಾಗದಿಂದ, ಏದುಸಿರಿನ ಒಂದು ದನಿ ಮೇಲೆ ಬಂತು. ಪ್ರತಿದಿನ ಬೆಳಿಗ್ಗೆ ಟೀ ಕೇಳುವ ದನಿ.

"ಯಾರ್ರೀ ಅದು ಪೆಟ್ಟಿಗೆ ಸ್ವಿಚ್ ಆರಿಸಿದ್ದು?"

ಕಳ್ಳ ಒಳಗಿರುವಾಗ ದೀಪ ಹಚ್ಚಬಾರದು ಎಂದವಳು ಅವಳೇ. ಆರಿಸಲು ಹೇಳಿದವಳೂ ಅವಳೇ, ಸುದ್ದಿ ಇಟ್ಟವನಿಗೆ ಮುಟ್ಟಿತ್ತು.

ಹೆಜ್ಜೆಗಳು ಎರಡೆರಡು ಮೆಟ್ಟಿಲು ಹಾರಿ ಹತ್ತಿರವಾಗುತ್ತಿದ್ದವು. ಸೈರನ್ ಸ್ವಿಚ್ಚಿನ ಮೇಲಿದ್ದ ತನ್ನ ಬೆರಳನ್ನು ನೋಡಿದ. ಮೆಟ್ಟಿಲ ತಿರುವನ್ನು ನೋಡಿದ. ಆಮೇಲೆ, ಪೆಟ್ಟಿಗೆಯ ಮೇಲೆ ಬಾಗಿದ್ದ ಅತ್ತಿಗೆಯನ್ನು, ಅವಳ ಮುಷ್ಟಿಯನ್ನು.

"ಕೆಳಗಿದ್ದವನಿಗೆ ಹೇಗೆ ಗೊತ್ತಾಯ್ತು ತಾಯಿ?"